ಆರ್ಲಿಸನ ಗೇರ್‌ಬಾಕ್ಸು, ಡಾರ್ಲೀನಳ ಕಾಫಿ

ಆರ್ಲಿಸ್ ಹ್ಯಾಸ್ಕ್ಯೂ ಮನೆಯೊಳಗೆ ಮಾತಾಡುವ ಗಂಡಸಲ್ಲ. ಊಟದ ಮೇಜಿನಲ್ಲಿ ಒಂದು ‘ಹೂಂ’, ಟಿವಿ ಮುಂದೆ ಒಂದು ‘ಊಹೂಂ’, ಇಷ್ಟರಲ್ಲೇ ಅವನ ಸಂಸಾರ ಸಾಗುತ್ತಿತ್ತು. ಆದರೆ ಬೆಳಿಗ್ಗೆ ಆರೂವರೆಗೆ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ತನ್ನ ಪಿಕಪ್ ಟ್ರಕ್ ಹೊರಡಿಸಿದನೆಂದರೆ ಬಾಯಿಗೆ ಬೀಗವೇ ಇಲ್ಲ. ಯಾವ ಕಂಬದ ಮೇಲೆ ಅಳಿಲು ಸುಟ್ಟುಹೋಯಿತು, ಯಾರ ಹಸು ಯಾರ ಬೇಲಿ ಮುರಿಯಿತು, ನಿವೃತ್ತಿಯಾದ ಮೇಲೆ ತಾನು ಏನು ಮಾಡುವುದು ಎಂಬ ಭಯ, ಎಲ್ಲವೂ ಹೊರಗೆ ಬರುತ್ತಿತ್ತು. ಪೂರ್ವ ಒಕ್ಲಹೋಮದ ಆ ಊರಿನಲ್ಲಿ ಅವನು ವಿದ್ಯುತ್ ಸಹಕಾರ ಸಂಘದ ಲೈನ್‌ಮ್ಯಾನ್, ಹೆಂಡತಿ ಡಾರ್ಲೀನ್ ಶಾಲೆಯ ಅಡುಗೆಯವಳು. ಮನೆಯಿಂದ ಶಾಲೆಗೆ ಹನ್ನೆರಡು ನಿಮಿಷ. ಅವರ ಇಪ್ಪತ್ತಾರು ವರ್ಷದ ದಾಂಪತ್ಯ ನಡೆದದ್ದೆಲ್ಲ ಆ ಹನ್ನೆರಡು ನಿಮಿಷದಲ್ಲೇ ಎಂದರೆ ತಪ್ಪಿಲ್ಲ.

ಡಾರ್ಲೀನಳ ಕೈಯಲ್ಲಿ ಕಾಫಿ ಇರುತ್ತಿತ್ತು. ಅವಳ ತಾಯಿಯ ಪಿಂಗಾಣಿ ಕಪ್ಪು, ಅಂಚಿನವರೆಗೂ ತುಂಬಿದ್ದು, ಮುಚ್ಚಳವಿಲ್ಲದ್ದು. ಮುಚ್ಚಳದ ಲೋಟದಲ್ಲಿ ಕಾಫಿ ಕುಡಿಯುವುದು ರೇನ್‌ಕೋಟ್ ಹಾಕಿಕೊಂಡು ಸ್ನಾನ ಮಾಡಿದ ಹಾಗೆ ಎಂದು ಅವಳ ವಾದ.

ಇನ್ನು ಆ ಟ್ರಕ್ಕು. ಇದ್ದ ಎಂಜಿನ್ನು ಸಾಲದೆಂದು ಆರ್ಲಿಸ್ ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಿದ್ದ. ಎಂಜಿನ್ನಿನ ಗಂಟಲಿಗೆ ಬಲವಂತವಾಗಿ ಗಾಳಿ ತುರುಕುವ ಯಂತ್ರ ಅದು. ಎಂಜಿನ್ನಿಗೆ ಹುಚ್ಚು ಬಲ ಬಂತು, ಪಾಪ ಕಂಪನಿಯವರು ಕೊಟ್ಟ, ತಾನೇ ಗೇರು ಬದಲಿಸುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಏನು ಮಾಡೀತು? ಎರಡು ವರ್ಷದಲ್ಲಿ ಮೂರು ಸಲ ಕೈಕೊಟ್ಟಿತು. ಮೂರನೆಯ ಸಲ ಭಾನುವಾರ, ಚರ್ಚಿನ ಬಾಗಿಲಿಗೆ ಅಡ್ಡವಾಗಿ. ಪಾದ್ರಿ ಕೋಟು ಬಿಚ್ಚಿಟ್ಟು ತಳ್ಳಬೇಕಾಯಿತು.

ಶನಿವಾರ ಬೆಳಿಗ್ಗೆ ಊರ ಗಂಡಸರು ಸೇರುವುದು ರಾಯ್ಸ್ ಟ್ಯಾಕೆಟ್‌ನ ಶೆಡ್ಡಿನಲ್ಲಿ. ನಲವತ್ತು ವರ್ಷದಿಂದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೆ ಏನನ್ನೂ ಮುಟ್ಟದ ಮುದುಕ ಅವನು. ಆರ್ಲಿಸ್ ಹೋದ ಶನಿವಾರ ನೆಲದ ಮೇಲೆ ಮೂರು ಗೇರ್‌ಬಾಕ್ಸ್‌ಗಳಿದ್ದವು. ರಾಯ್ಸ್ ಒಂದೊಂದನ್ನೇ ಬೂಟಿನ ತುದಿಯಿಂದ ತಟ್ಟಿದ.

“ಇದು ನಿಂದೇ ಹಳೇದು. ಒಳಗೆ ಗಟ್ಟಿ ಸಾಮಾನು ಹಾಕ್ಕೊಡ್ತೀನಿ, ಒಂದು ವರ್ಷ ಬಾಳುತ್ತೆ, ಆಮೇಲೆ ನನ್ನ ಬೈಬೇಡ. ಇದು ರೇಸಿನವರದು. ಮೂರೇ ಗೇರು, ಆದ್ರೆ ಕಲ್ಲು. ಇದು ದೊಡ್ಡ ಲಾರಿದು, ನಾಲ್ಕು ಗೇರು. ಎಮ್ಮೆ ಭಾರ. ನಿನ್ ಟ್ರಕ್ಕಿನ ನೆಲಾನ ಸುತ್ತಿಗೇಲಿ ಬಡಿದು ಜಾಗ ಮಾಡ್ಬೇಕು. ಆದ್ರೆ ನಿನ್ನ ಮಣ್ಣು ಮಾಡಿ ಬಂದ್ಮೇಲೂ ಇದು ಓಡ್ತಿರುತ್ತೆ.”

“ಲಾರಿ ಗೇರ್‌ಬಾಕ್ಸಾ?” ಬಾಯಿತುಂಬ ಡೋನಟ್ ಇಟ್ಟುಕೊಂಡೇ ಡೂಲಿ ನಕ್ಕ. ಸ್ವಂತ ಟ್ರಕ್ಕು ಆರು ತಿಂಗಳಿಂದ ಇಟ್ಟಿಗೆ ಮೇಲೆ ನಿಂತಿದ್ದರೂ ಸಲಹೆಗೆ ಅವನಲ್ಲಿ ಬರವಿರಲಿಲ್ಲ. “ಗೇರ್ ಬಿದ್ರೆ ಕತ್ತು ಹಿಂದಕ್ಕೆ ಬಡೀಬೇಕು ಕಣೋ. ಇಲ್ದಿದ್ರೆ ಅದು ಗೇರಲ್ಲ, ಲಿಫ್ಟು.”

ರಾಯ್ಸ್ ಅವನ ಕಡೆ ತಿರುಗಿಯೂ ನೋಡಲಿಲ್ಲ. “ದಿನಾ ಆ ಗಾಡೀಲಿ ಕೂರೋರು ಯಾರ್ಯಾರು, ಆರ್ಲಿಸ್?”

ಆರ್ಲಿಸನ ನಾಲಿಗೆಯ ತುದಿಗೆ ಕಾಫಿಯ ವಿಷಯ ಬಂದಿತ್ತು. ಆರು ಜನ ಗಂಡಸರ ಎದುರು ಹೆಂಡತಿಯ ಕಪ್ಪಿನ ಸಲುವಾಗಿ ಗೇರ್‌ಬಾಕ್ಸ್ ಆರಿಸುವುದೇ? ಮಾನ ಏನಾಗಬೇಕು?

“ನಾನೊಬ್ನೇ,” ಎಂದುಬಿಟ್ಟ. ರೇಸಿನದನ್ನು ಕೂರಿಸಿದರು.

ಸೋಮವಾರ ಮೊದಲ ತಿರುವಿನಲ್ಲಿ ಎರಡನೆಯ ಗೇರು ಬಿತ್ತು. ಹಿಂದಿನಿಂದ ಯಾರೋ ಒದ್ದಂತೆ ಟ್ರಕ್ಕು ಜಿಗಿಯಿತು, ಕಾಫಿಯಷ್ಟೂ ಡಾರ್ಲೀನಳ ಬಿಳಿ ಏಪ್ರನ್ ಮೇಲೆ. ಹೆದ್ದಾರಿಯಲ್ಲಿ ನಾಲ್ಕನೆಯ ಗೇರಿಲ್ಲದ ಎಂಜಿನ್ನು ಊಳಿಟ್ಟಿತು, ಅಳಿಲಿನ ಕಥೆ ಅವಳ ಕಿವಿ ಮುಟ್ಟಲಿಲ್ಲ. ಅವಳು ಬೈದಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. ಮಂಗಳವಾರ ಅರ್ಧ ಕಪ್ಪು ತಂದಳು, ಬುಧವಾರ ಟವೆಲ್ಲೂ ತಂದಳು. ಗುರುವಾರ ಮನೆ ಮುಂದೆ ಅವಳ ತಂಗಿ ಫೇಯ ಕಾರು ಹಾರ್ನ್ ಹೊಡೆಯಿತು.

“ಫೇ ಹೆಂಗೂ ಆ ಕಡೆನೇ ಹೋಗ್ತಾಳಲ್ಲ,” ಎಂದಳು ಡಾರ್ಲೀನ್.

ಫೇ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ಅದಕ್ಕೂ ಆಚೆ.

ಎರಡು ವಾರ ಆರ್ಲಿಸ್ ಒಬ್ಬನೇ ಹೋದ. ಊರಿನ ಯಾವ ಟ್ರಕ್ಕನ್ನಾದರೂ ಹಿಂದೆ ಹಾಕಬಲ್ಲ ಗಾಡಿ ಈಗ ಅವನದು, ಆದರೆ ಹಿಂದೆ ಹಾಕಿದೆ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ದಿನ ಖಾಲಿ ಸೀಟಿನ ಕಡೆ ತಿರುಗಿ, “ಆ ಹ್ಯಾರಿಂಗ್‌ಟನ್ ಮನೆ ಹಸು ಮತ್ತೆ ಬೇಲಿ ಮುರೀತು ಕಣೇ,” ಎಂದು ಶುರುಮಾಡಿ, ನಡುವೆ ನಿಲ್ಲಿಸಿದ.

ಆ ಶನಿವಾರ ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಆರ್ಲಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ರಾಯ್ಸ್, ಅವತ್ತು ನಿಮ್ಗೆ ಸುಳ್ಳು ಹೇಳ್ದೆ. ಕೂರೋದು ಇಬ್ರು. ಒಬ್ಬಳ ಕೈಲಿ ಕಾಫಿ ಇರುತ್ತೆ. ಮುಚ್ಚಳ ಇರಲ್ಲ.”

ಡೂಲಿಯ ಡೋನಟ್ ಬಾಯಿಯ ಹತ್ತಿರವೇ ನಿಂತಿತು. ರಾಯ್ಸ್ ಮಾತ್ರ ರೇಗಿಬಿಟ್ಟ. “ಮುಚ್ಚಳ ಇಲ್ಲ ಅಂತ ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ? ನಾನು ಇನ್ಯಾಕೆ ಕೇಳಿದ್ದು ಅಂದ್ಕೊಂಡೆ?”

ರೇಸಿನದು ಇಳಿಯಿತು, ಲಾರಿಯದು ಏರಿತು. ಗೇರು ಎಷ್ಟು ಮೆತ್ತಗೆ ಬೀಳಬೇಕೆಂದು ಹೇಳಿಕೊಡುವ ಪುಟ್ಟ ಕಂಪ್ಯೂಟರನ್ನು ರಾಯ್ಸ್ ಅದಕ್ಕೆ ಜೋಡಿಸಿದ. ಪರೀಕ್ಷೆಗೆ ತುಂಬಿದ ಕಾಫಿ ಕಪ್ಪು ಕೊಟ್ಟು ಡೂಲಿಯನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿದರು. ಊರಿಗೆ ಮೂರು ಸುತ್ತು ಬರುವುದರೊಳಗೆ ಡೂಲಿಯ ಪ್ಯಾಂಟು ಮೂರು ಸಲ ನೆನೆಯಿತು. ಪ್ರತಿ ಸುತ್ತಿಗೂ ರಾಯ್ಸ್ ಏನೋ ತಿದ್ದಿದ. ನಾಲ್ಕನೆಯ ಸುತ್ತಿನಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

“ಥೂ, ಲಿಫ್ಟೇ ಇದು,” ಎಂದು ಡೂಲಿ ಕಾಫಿ ಕುಡಿದುಬಿಟ್ಟ.

ಹೊರಡುವಾಗ ರಾಯ್ಸ್ ಡ್ಯಾಶ್‌ಬೋರ್ಡಿನ ಕೆಳಗೊಂದು ಪುಟ್ಟ ಸ್ವಿಚ್ಚು ತೋರಿಸಿದ. “ಒತ್ತಿದ್ರೆ ಡೂಲಿ ಗೇರು. ಒತ್ತದಿದ್ರೆ ಡಾರ್ಲೀನ್ ಗೇರು. ನಾನೂ ಒಂದು ಕಾಲದಲ್ಲಿ ಮದುವೆಯಾಗಿದ್ದೋನೇ.”

ಸೋಮವಾರ ಫೇ ಬರುವ ಮೊದಲೇ ಆರ್ಲಿಸ್ ಟ್ರಕ್ಕನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದ. ಡಾರ್ಲೀನ್ ಟ್ರಕ್ಕನ್ನು ನೋಡಿದಳು, ಗಂಡನ ಮುಖ ನೋಡಿದಳು, ಒಳಗೆ ಹೋಗಿ ಕಪ್ಪನ್ನು ಅಂಚಿನವರೆಗೂ ತುಂಬಿಸಿಕೊಂಡು ಬಂದು ಕೂತಳು. ಮೊದಲ ತಿರುವು ಕಳೆಯಿತು, ಎರಡನೆಯದೂ ಕಳೆಯಿತು. ಹೆದ್ದಾರಿಯಲ್ಲಿ ಎಂಜಿನ್ನು ತಣ್ಣಗೆ ಗುನುಗುತ್ತಿತ್ತು. ಆರ್ಲಿಸ್ ಎರಡು ವಾರದ ಹಸು, ಅಳಿಲು, ಕಂಬಗಳನ್ನೆಲ್ಲ ಉಸಿರು ತೆಗೆದುಕೊಳ್ಳದೆ ಹೇಳಿದ.

“ಅದೇನದು ಸ್ವಿಚ್ಚು?” ಎಂದಳು ಡಾರ್ಲೀನ್.

“ಮಂಜಿನ ದೀಪದ್ದು.”

“ಈ ಟ್ರಕ್ಕಿಗೆ ಮಂಜಿನ ದೀಪಾನೇ ಇಲ್ವಲ್ಲೋ.”

ಆರ್ಲಿಸ್ ರಸ್ತೆಯನ್ನೇ ನೋಡುತ್ತಿದ್ದ. ಕೊನೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿದ. ಡಾರ್ಲೀನ್ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಕಪ್ಪನ್ನು ಸೀಟಿನಲ್ಲೇ ಉಳಿದಿದ್ದ ಟವೆಲ್ಲಿನಲ್ಲಿ ಸುತ್ತಿ ತೊಡೆಯ ನಡುವೆ ಭದ್ರವಾಗಿಟ್ಟುಕೊಂಡಳು.

“ಒತ್ತು, ನೋಡೋಣ,” ಎಂದಳು.

ಶಾಲೆಯ ಮುಂದಿನ ರಸ್ತೆಯಲ್ಲಿ ನಲವತ್ತು ಅಡಿ ಉದ್ದದ ಕರಿ ಟೈರಿನ ಗುರುತು ಈಗಲೂ ಇದೆ. ಪ್ರಿನ್ಸಿಪಾಲರು ಹನ್ನೆರಡನೇ ಕ್ಲಾಸಿನ ಹುಡುಗರನ್ನೆಲ್ಲ ಕರೆಸಿ ವಿಚಾರಿಸಿದರು. ಅಡುಗೆಯವಳನ್ನು ಯಾರೂ ಕೇಳಲಿಲ್ಲ.