ಹೇಳಿದಾಕಿ ಹೆಸರು ದಪ್ಪ

"ತಡಿ! ಒತ್ತಬ್ಯಾಡ!" ಅಂದ್ರು ಬಾಯಾರು. ಅವರ ಕಿರಿಬೆರಳು ನನ್ನ ಮಣಿಕಟ್ಟಿನ ಮ್ಯಾಲೆ ಬಿತ್ತು. ಸೊಟ್ಟ ಬೆರಳು ಅದು. ಹೊರಗಡೆ ಬಾಗಿತ್ತು, ನಡುವಿನ ಗೆಣ್ಣು ಹುಣಸಿಬೀಜದಂಗ ಉಬ್ಬಿತ್ತು. ಹಳೇ ಟೈಪ್‌ರೈಟರಿನ ಶಿಫ್ಟ್ ಕೀಲಿ ಒತ್ತಿ ಒತ್ತಿ ಹಂಗ ಆಗಿದ್ದು. ಆ ಬೆರಳು ಬೀಳೂದ್ರಾಗ ನಾ ಮೌಸ್ ಒತ್ತಿಬಿಟ್ಟಿದ್ದೆ.

ಸ್ಕ್ರೀನ್ ನೋಡಿದ್ರ ಅರ್ಧ ಪುಸ್ತಕ ದಪ್ಪ ಅಕ್ಷರ ಆಗಿ ಕುಂತಿತ್ತು. ದಪ್ಪ ಆಗಬೇಕಾಗಿದ್ದ ಹೆಸರು ಮಾತ್ರ ತೆಳ್ಳಗ ಇದ್ದುವು.

"ಹಿಂದ ತಗೋ," ಅಂದ್ರು. ಕಂಟ್ರೋಲ್ ಝಡ್ ಹೊಡದೆ. "ನಂದೇ ತಪ್ಪದು. ಎಲ್ಲೋ ಒಂದು ಬಾಗ್ಲಾ ಹಚ್ಚೋದು ಮರ್ತೀನಿ. ಹುಡಕು."

ಬಾಗ್ಲಾ ಅಂದ್ರ ಏನು ಅಂತ ಆಮ್ಯಾಲೆ ಹೇಳ್ತೇನಿ. ಮೊದಲ ಬಾಯಾರು ಯಾರು ಅಂತ ಹೇಳಬೇಕು.

ಹಾನಗಲ್ ಬಸ್ ಸ್ಟ್ಯಾಂಡ್ ಹತ್ರ ಅವರದೊಂದು ಟೈಪಿಂಗ್ ಕ್ಲಾಸ್ ಇತ್ತು. ಅದಕ್ಕ ಎಲ್ಲಾರೂ ಟೈಪಿಂಗ್ ಬಾಯಾರು ಅಂತಿದ್ರು. ಕಂಪ್ಯೂಟರ್ ಬಂದ ಮ್ಯಾಲೆ ಅದು ಡಿಟಿಪಿ ಅಂಗಡಿ ಆತು. ಅರ್ಜಿ, ಲಗ್ನಪತ್ರಿಕಿ, ಸತ್ತವರ ಕಾರ್ಡು, ಎಲ್ಲಾ ಮಾಡ್ತೇವಿ. ನಾ ಹತ್ತನೇತ್ತಾ ಫೇಲು. ಗ್ಯಾರೇಜಿನ್ಯಾಗ ಇದ್ದೆ, ಅಲ್ಲಿ ಜಗಳಾಡಿ ಇಲ್ಲಿಗೆ ಬಂದೆ.

"ಟೈಪ್ ಬರ್ತದೇನು?" ಅಂದ್ರು.

"ಇಲ್ಲರಿ."

"ಸುಳ್ಳರ ಹೇಳಲಿಲ್ಲಲ್ಲ. ಕೂಡು."

ಇಷ್ಟ ನನ್ನ ಇಂಟರ್‌ವ್ಯೂ.

ಅವರು ಸವಣೂರಿನ ಆಚಾರ್ಯರ ಮನಿ ಮಗಳು. ನಾ ಐತಿ ಅಂದ್ರ ಅವರು ಅದ ಅಂತಿದ್ರು. ಊಟಾದ ಮ್ಯಾಲೆ ಸವಣೂರ ವೀಳ್ಯದೆಲಿ ಬಾಯಾಗ ಇಟ್ಕೊಂಡ್ರ ಮುಗೀತು, ಅದು ಕರಗೂತನಕ ಮಾತಿಲ್ಲ. ನನ್ನ ಹಿಂದ ನಿಂತು ನೋಡೋರು. ತಪ್ಪಾದ್ರ ಸೊಟ್ಟ ಬೆರಳಿಂದ ಟೇಬಲ್ ಮ್ಯಾಲೆ ಒಮ್ಮೆ ಕುಟ್ಟೋರು. ಸರಿ ಇದ್ರ ಎರಡ ಸಲ. ಎರಡ ಸಲ ಕುಟ್ಟಿದ್ದು ಕಡಿಮಿ.

ಗಂಡ ಇದ್ದ. ಎಲ್ಲೋ ಇದ್ದ. ಲಗ್ನಾದ ಸ್ವಲ್ಪ ದಿನಕ್ಕ ಇವರನ್ನ ಬಿಟ್ಟು, ಬ್ಯಾರೆ ಊರಾಗ ಬ್ಯಾರೆ ಸಂಸಾರ ಹೂಡಿದ್ದ. ನನಗ ಗೊತ್ತಿದ್ದದ್ದು ಅಷ್ಟ. ನಾ ಕೇಳಿಲ್ಲ, ಅವರು ಹೇಳಿಲ್ಲ.

ಬಾಯಾರಿಗೆ ಒಂದು ಹುಚ್ಚಿತ್ತು. ಒಡಪ ಕೂಡಿಸೂದು. ಲಗ್ನದಾಗ, ಬಸುರಿಗೆ ಮಾಡೂ ಕುಬಸದಾಗ ಹೆಣಮಕ್ಕಳಿಗೆ "ಗಂಡನ ಹೆಸರು ಹೇಳವಾ" ಅಂತ ಗಂಟ ಬೀಳ್ತಾರಲ್ಲ, ಆಗ ಸುಮ್ನ ಹೆಸರು ಹೇಳಂಗಿಲ್ಲ. ಎರಡ ಸಾಲು ಕಟ್ಟಿ, ಅದ್ರಾಗ ಹೆಸರು ಸೇರಿಸಿ ಹೇಳಬೇಕು. ಅದು ಒಡಪ. ಅಂಗಡಿಗೆ ಅರ್ಜಿ ಬರಸಾಕ ಬಂದ ಹೆಣಮಕ್ಕಳ್ನ ಕುಂದ್ರಿಸಿ, ಚಾ ಕುಡಿಸಿ, ಹೇಳಸೋರು. ಐತವಾರ ಬಸ್ ಹತ್ತಿ ಆಡೂರು, ರಟ್ಟೀಹಳ್ಳಿ, ಅಬಲೂರು ಅಂತ ತಿರಗೋರು. ಶಿಗ್ಗಾಂವಿ ಕಡೆ ಯಾರದರ ಕುಬಸ ಐತಿ ಅಂದ್ರ ಕರೀದಿದ್ರೂ ಹೋಗೋರು. ಎಲ್ಲಾ ಸೇರಿಸಿ ಪುಸ್ತಕ ಮಾಡಬೇಕು, ಹೇಳಿದ ಒಬ್ಬೊಬ್ಬರ ಕೈಯಾಗೂ ಕೊಡಬೇಕು ಅನ್ನೂದೊಂದೇ ಧ್ಯಾಸ.

ಪುಣೇದಾಗ ಎಂಜಿನಿಯರ್ ಇದ್ದ ಅವರ ಅಣ್ಣ ಒಮ್ಮೆ ಬಂದು ನಕ್ಕ. "ನಮ್ಮ ಅಜ್ಜ ಗ್ರಂಥಕ್ಕ ಟೀಕಾ ಬರದವರು. ನೀ ಒಡಪಾ ಬರೀಲಿಕ್ಕೆ ಹತ್ತೀ."

"ಅಜ್ಜನ ಟೀಕಾ ನೀ ಓದೀ ಏನು?" ಅಂದ್ರು ಬಾಯಾರು.

ಅಣ್ಣ ಚಾ ಕುಡದು ಹೋದ.

ಈಗ ಬಾಗ್ಲಾದ ಮಾತು. ಟೈಪ್ ಮಾಡೂಮುಂದ ಬಾಯಾರು ಗಂಡನ ಹೆಸರಿನ ಎರಡೂ ಬಾಜು ಹ್ಯಾಶ್ ಗುರ್ತು ಹಾಕೋರು. ಕೆಳಗ, ಹೇಳಿದಾಕಿ ಹೆಸರಿಗೆ ಎರಡೂ ಬಾಜು ಡಾಲರ್ ಗುರ್ತು. ಹಿಂಗ:

ಸವಣೂರ ಎಲಿ ತಂದು ಸುಣ್ಣ ಹಚ್ಚಿ ಮಡಚೇನಿ
#ನಿಂಗಪ್ಪ# ಸಿಟ್ಟಾದ್ರ ನಕ್ಕೊಂತ ಕೊಡತೇನಿ
$ಗಿರಿಜವ್ವ$, ಆಡೂರು

ಆಮ್ಯಾಲೆ ವರ್ಡಿನ್ಯಾಗ ಫೈಂಡ್ ಅಂಡ್ ರಿಪ್ಲೇಸ್ ತಗದು, ವೈಲ್ಡ್‌ಕಾರ್ಡ್ ಅಂತ ಒಂದು ಚೌಕ ಇರತೈತಿ, ಅದಕ್ಕ ಟಿಕ್ ಹೊಡೀಬೇಕು. ಹುಡಕೂ ಜಾಗದಾಗ #(*)# ಅಂತ ಹಾಕಬೇಕು. ಬದಲಿ ಜಾಗದಾಗ \1 ಅಂತ ಹಾಕಿ, ಅದಕ್ಕ ಬೋಲ್ಡ್ ಹಚ್ಚಬೇಕು. ರಿಪ್ಲೇಸ್ ಆಲ್ ಒತ್ತಿದ್ರ ಪುಸ್ತಕದಾಗಿನ ಎಲ್ಲಾ ಗಂಡಂದಿರ ಹೆಸರು ಒಮ್ಮೆಲೆ ದಪ್ಪ ಆಗ್ತಾವು, ಹ್ಯಾಶ್ ಹೋಗ್ತಾವು. ಡಾಲರಿಗೂ ಇದ ರೀತಿ, ಬೋಲ್ಡ್ ಅಷ್ಟ ಇಲ್ಲ.

ನನಗ ತಲಿಗೆ ಹತ್ತಲಿಲ್ಲ.

"ಹ್ಯಾಶ್ ಅಂದ್ರ ಬಾಗ್ಲಾ," ಅಂದ್ರು ಬಾಯಾರು. "ಮುಂದೊಂದು, ಹಿಂದೊಂದು. ನಡುವಿನ ಚುಕ್ಕಿ, ಆ ನಕ್ಷತ್ರದ ಗುರ್ತು, ಅಂದ್ರ ಒಳಗ ಯಾರಾರ ಇರ್ಲಿ ಅಂತ. ನಾವು ಹೆಸರು ಕೇಳೋದಿಲ್ಲ. ಯಾರಿದ್ದಾರೋ ಅವರನ್ನ ಕಂಸ ಹಿಡ್ಕೋತದ, ಆ ಒಂದು ಅನ್ನೋ ನಂಬರು ಅವರನ್ನ ವಾಪಸ್ ಕೂಡಸ್ತದ, ದಪ್ಪ ಮಾಡಿ. ತಿಳೀತ?"

"ಒಂದು ಬಾಗ್ಲ ಇಲ್ಲಂದ್ರ?"

"ಮುಂದಿನ ಮನಿ ಬಾಗ್ಲಾತನಕ ಓಡ್ತದ. ನಡುವ ಸಿಕ್ಕಿದ್ದೆಲ್ಲಾ ದಪ್ಪ. ಅಲ್ಲಿಂದ ಮುಂದ ಎಲ್ಲಾ ಉಲ್ಟಾ."

ಮೊದಲ ಹೇಳಿದ್ನಲ್ಲ, ಅವತ್ತ ಆಗಿದ್ದು ಅದ. ಹುಡಕಿ ಹುಡಕಿ ಕಣ್ಣ ಉರದುವು. ರಟ್ಟೀಹಳ್ಳಿ ಹೆಣಮಕ್ಕಳ ಪುಟದಾಗ ಸಿಕ್ತು. ಯಾರೋ ಒಬ್ಬ ಗಂಡನ ಹೆಸರಿನ ಹಿಂದ ಹ್ಯಾಶ್ ಇರಲಿಲ್ಲ. ಹಾಕಿದೆ. ಬಾಯಾರ ಬಾಯಾಗ ಆಗ ಎಲಿ ಇತ್ತು. ಟೇಬಲ್ ಎರಡ ಸಲ ಕುಟ್ಟಿದ್ರು.

ಮತ್ತ ಒತ್ತಿದೆ. ಎಲ್ಲಾ ಸರಿ ಕುಂತ್ವು. ಪ್ರಿಂಟ್ ತಗದು ಇಟ್ವಿ, ಹುಬ್ಬಳ್ಳಿ ಪ್ರೆಸ್ಸಿಗೆ ಕಳಸೂದೊಂದ ಉಳದಿತ್ತು.

ಸಂತಿ ದಿನ ಆಡೂರ ಗಿರಿಜವ್ವ ಬಂದ್ಲು. ಮೆಂತೆ, ರಾಜಗೀರಿ ಮಾರಾಕ ಹಾನಗಲ್ಲಿಗೆ ಬರ್ತಾಳ. ಬುಟ್ಟಿ ಬಾಗಲದಾಗ ಇಳಿಸಿ ಒಳಗ ಬಂದು, "ಬಾಯಾರ, ನಂದು ಎಲ್ಲಿ ಬಂತ್ರಿ?" ಅಂದ್ಲು. ನಾ ಅಕಿ ಪುಟ ತಗದು ಮುಂದಿಟ್ಟೆ. ಅಕಿಗೆ ಓದಾಕ ಬರಂಗಿಲ್ಲ. ಬೆರಳು ಸೀದಾ ದಪ್ಪ ಅಕ್ಷರದ ಮ್ಯಾಲೆ ಇಟ್ಲು.

"ಇದು ನಂದು ಹೌದಿಲ್ಲೋ?"

"ಅಲ್ಲಬೇ. ನಿಂಗಪ್ಪಂದು. ನಿಂದು ಕೆಳಗ ಸಣ್ಣದೈತಿ ನೋಡು."

"ಅಂವಂದ್ಯಾಕ ದಪ್ಪ?" ಅಂದ್ಲು. "ಹೇಳಿದಾಕಿ ನಾನು. ಅಂವಾ ಆಗ ಕಟ್ಟಿ ಮ್ಯಾಲೆ ಗೊರಕಿ ಹೊಡ್ಯಾಕತ್ತಿದ್ದ."

ನಾ ನಕ್ಕೆ. "ಒಡಪ ಅಂದ್ರ ಗಂಡನ ಹೆಸರಿಗೆ ಅಲ್ಲನಬೇ ಇರೂದು?"

"ಅಂವನ ಹೆಸರು ಸಾಲಿ ದಾಖಲ್ಯಾಗ ಬಂದೈತಿ, ಹೊಲದ ಉತಾರದಾಗ ಬಂದೈತಿ, ರೇಶನ್ ಕಾರ್ಡಿನ್ಯಾಗೂ ಐತಿ. ನಂದು ನೋಡೋಣಂತ ಬಂದ್ರ ಇಲ್ಲೂ ಅವಂದಽ ದಪ್ಪ. ನಡಿ, ನನ್ನ ಪಲ್ಲೆ ಬಾಡತೈತಿ."

ಬಾಯಾರು ನಗಲಿಲ್ಲ. ಆ ಹಾಳಿ ಕೈಯಾಗ ತಗೊಂಡು ದಪ್ಪಂದು, ಸಣ್ಣದು ಎರಡೂ ನೋಡಿದ್ರು. ಗಿರಿಜವ್ವ ಬುಟ್ಟಿ ಹೊತ್ತು ರಸ್ತೆಗೆ ಇಳದಿದ್ಲು. ಬಾಯಾರು ಬಾಗಲಕ್ಕ ಹೋಗಿ ಕೂಗಿದ್ರು. "ಏ ಗಿರಿಜವ್ವಾ! ಪುಸ್ತಕದಾಗ ದಪ್ಪ ಇದ್ದದ್ದು ನಿಂದೇ ಇರ್ತದ. ಬೆರಳಿಟ್ಟು ನೋಡು, ಆಗ ಹೇಳು!"

ವಾಪಸ್ ಬಂದು, "ಗುರ್ತಿದ್ದ ಫೈಲ್ ಇನ್ನೂ ಅದ ಹೌದಲ್ಲ?" ಅಂದ್ರು.

ಇತ್ತು. ಅದು ಅವರದೇ ನಿಯಮ. ಗುರ್ತು ಇದ್ದ ಫೈಲ್ ಯಾವತ್ತೂ ಮುಟ್ಟಬಾರದು, ಏನ ಮಾಡೂದಿದ್ರೂ ಅದರ ಕಾಪಿ ಮ್ಯಾಲೆ. ದಿನಾ ಹೇಳಿ ಹೇಳಿ ನನ್ನ ಕಿವಿ ಕೆಟ್ಟಿದ್ವು. ಕಾಪಿ ತಗದೆ. ಈ ಸಲ ಡಾಲರಿಗೆ ಬೋಲ್ಡ್ ಹಚ್ಚಿದೆ, ಹ್ಯಾಶಿಗೆ ಬಿಟ್ಟೆ. ಎರಡ ಸಲ ಒತ್ತಿದ್ರ ಮುಗೀತು. ಗಂಡಂದಿರೆಲ್ಲಾ ತೆಳ್ಳಗ ಆದ್ರು.

"ಹುಟ್ಟಿದಾಗಿಂದ ಇವರ ಹೆಸರು ಎಲ್ಲೂ ದಪ್ಪಗ ಬಂದಿಲ್ಲ," ಅಂದ್ರು ಬಾಯಾರು. "ಓದ್ಲಿಕ್ಕೆ ಬರದಾಕಿನೂ ತನ್ನ ಹೆಸರು ತಾ ಹುಡಕಬೇಕು. ಯಾರನ್ನೂ ಕೇಳಬಾರದು."

ಪ್ರೆಸ್ಸಿಗೆ ಕಳಸೂದು ಮುಂದ ಹೋತು. ಅಬಲೂರದು ಇನ್ನೊಂದಿಷ್ಟು ಬರೂದೈತಿ ಅಂದ್ರು. ಮುಂದಿನ ಐತವಾರ ನನ್ನ ಗಾಡಿ ಮ್ಯಾಲೆ ಹೋದ್ವಿ. ಹಿಂದ ಕುಂತು ನನ್ನ ಅಂಗಿ ಹಿಡಕೊಂಡು, "ಸಾವಕಾಶ ಹೊಡಿ, ಇನ್ನೂ ಪುಸ್ತಕಾ ಆಗಿಲ್ಲ," ಅಂತಿದ್ರು. ಅಲ್ಲಿ ಗುಡಿ ಕಟ್ಟಿ ಮ್ಯಾಲೆ ಹೆಣಮಕ್ಕಳು ಕೂಡಿದ್ರು. ಎಲ್ಲಾರದೂ ಆತು. ಕಡೀಕ ಒಬ್ಬಾಕಿ, "ನಮ್ದೆಲ್ಲಾ ಬರಕೊಂಡ್ರಿ, ನಿಮ್ದೊಂದು ಹೇಳ್ರಿ ಬಾಯಾರ," ಅಂತ ಗಂಟ ಬಿದ್ಲು. ಉಳದವರೂ ಚಪ್ಪಾಳಿ ಹೊಡದ್ರು. ನಾ ಗಾಡಿ ಕಡೆ ಹೋಗಬೇಕು ಅನ್ಕೊಂಡೆ. ಇದು ಬ್ಯಾಡಿತ್ತು ಅನಸ್ತು.

ಬಾಯಾರು ಚಷ್ಮಾ ತಗದು ಸೆರಗಿಂದ ಒರಸಿದ್ರು. ಆಮ್ಯಾಲೆ ಅಂದ್ರು:

"ಮುಂದೊಂದು ಹಿಂದೊಂದು ಬಾಗ್ಲಾ ಹಚ್ಚೀನಿ
ನಡುವ ಯಾರಾರ ಇರ್ಲಂತ ಚುಕ್ಕಿ ಇಟ್ಟೀನಿ."

"ಹೆಸರೆಲ್ಲಿ ಬಂತ್ರಿ ಅದ್ರಾಗ?" ಅಂದ್ಲು ಆಕಿ.

"ಚುಕ್ಕಿನೇ ಹೆಸರು," ಅಂದ್ರು.

"ಚುಕ್ಕೆಪ್ಪ ಅಂತೇನ್ರಿ?"

ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಬಾಯಾರೂ ನಕ್ಕರು. ನಾ ನಗಲಿಲ್ಲ. ನನಗ ಅದು ತಿಳದಿತ್ತು.

ಅಬಲೂರದು ಟೈಪ್ ಆತು. ಬಾಯಾರು ಎಲ್ಲಾ ಗುರ್ತು ತಾವೇ ನೋಡಿದ್ರು. ಬಾಗ್ಲ ಎಲ್ಲಾ ಇದ್ದುವು. ತಮ್ಮದನ್ನ ಹಾಕಲಿಲ್ಲ. "ಹಾಕಲೇನ್ರಿ?" ಅಂದೆ. ಟೇಬಲ್ ಒಮ್ಮೆ ಕುಟ್ಟಿದ್ರು.

ಪ್ರೆಸ್ಸಿಗೆ ಸೋಮಾರ ಹೋಗೋಣ ಅಂದಿದ್ರು. ಶನಿವಾರ ಮಧ್ಯಾಹ್ನ ಊಟಕ್ಕ ಮನಿಗೆ ಹೋದ್ರು. ಊಟಾ ಮಾಡಿದ್ರಂತ, ಎಲಿ ಹಾಕ್ಕೊಂಡ್ರಂತ, ಸ್ವಲ್ಪ ಅಡ್ಡಾದ್ರಂತ. ಏಳಲಿಲ್ಲ. ಬಾಜು ಮನ್ಯಾಕಿ ಓಡಿ ಬಂದು ಹೇಳಿದ್ಲು. ನಾ ಯಾರದೋ ಜಾತಿ ಸರ್ಟಿಫಿಕೇಟಿನ ಅರ್ಜಿ ಮಾಡಾಕತ್ತಿದ್ದೆ. ಮುಗಿಸಿದೆ. ಪ್ರಿಂಟ್ ತಗದೆ, ಕೊಟ್ಟೆ. ಶಟರ್ ಎಳದು ಹೋದೆ. ಏನೂ ಅನಸಲಿಲ್ಲ. ಈಗೂ ಅನಸಂಗಿಲ್ಲ. ಕೈ ಒಂದ ಕೆಲಸ ಮಾಡತೈತಿ.

ಅಣ್ಣ ಪುಣೇದಿಂದ ಬಂದ. ಎಲ್ಲಾ ಅವನಽ ಮಾಡಿದ. ವೈಕುಂಠ ಸಮಾರಾಧನೆ ಕಾರ್ಡು ಮಾಡಸಾಕ ಅಂಗಡಿಗೆ ಬಂದು, ಬಾಯಾರ ಕುರ್ಚಿ ಮ್ಯಾಲೆ ಕುಂತು, ಹೇಳ್ಕೊಂತ ಹೋದ. ನಾ ಟೈಪ್ ಮಾಡ್ಕೊಂತ ಹೋದೆ. ಮೊದಲ ಗಂಡನ ಹೆಸರು, ಆಮ್ಯಾಲೆ ಅವರ ಧರ್ಮಪತ್ನಿ ಅಂತ ಬಾಯಾರ ಹೆಸರು.

"ಯಜಮಾನರ ಹೆಸರು ದಪ್ಪ ಬರಬೇಕು," ಅಂದ. "ಪದ್ಧತಿ ಅದ."

ನಾ ಗಂಡನ ಹೆಸರಿಗೆ ಎರಡೂ ಬಾಜು ಹ್ಯಾಶ್ ಹಾಕಿದೆ. ಬಾಯಾರ ಹೆಸರಿಗೆ ಎರಡೂ ಬಾಜು ಡಾಲರ್ ಹಾಕಿದೆ. ಬಾಯಾರ ಹೆಸರು ನಾ ಟೈಪ್ ಮಾಡಿದ್ದು ಅದ ಮೊದಲು. ಪುಸ್ತಕದ್ದು ಹೆಂಗ ಮಾಡಿದ್ದೆನೋ ಹಂಗ ಒತ್ತಿದೆ. ಎರಡೂ ಸಲ ಒಂದು ಬದಲಿ ಆತು ಅಂತ ಸ್ಕ್ರೀನ್ ಮ್ಯಾಲೆ ಬಂತು. ಓಕೆ ಒತ್ತಿದೆ.

ಅಣ್ಣ ಪ್ರಿಂಟ್ ನೋಡಿದ. "ಇದೇನೋ, ಉಲ್ಟಾ ಆಗೇದಲ್ಲ? ಆಕಿ ಹೆಸರು ದಪ್ಪ ಬಂದದ."

"ಈ ಅಂಗಡ್ಯಾಗ ಹಂಗ ಬರತೈತ್ರಿ," ಅಂದೆ.

"ತಿದ್ದಲಿಕ್ಕೆ ಬರೋದಿಲ್ಲೇನು?"

"ಬರತೈತ್ರಿ. ನಾ ತಿದ್ದಂಗಿಲ್ಲ."

ನನ್ನ ಮಾರಿ ನೋಡಿದ. ಹೊರಗ ಟೆಂಪೋ ನಿಂತು ಹಾರ್ನ್ ಹೊಡ್ಯಾಕತ್ತಿತ್ತು. "ಇರ್ಲಿ, ಪ್ರಿಂಟ್ ಹೊಡಿ," ಅಂದ. ಹೊಡದೆ.

ಒಂದು ಕಾರ್ಡು ಅಂಗಡಿ ಬಾಗಲಕ್ಕ ಅಂಟಿಸಿದ್ದೆ. ಸಂತಿ ದಿನ ಗಿರಿಜವ್ವ ಬಂದ್ಲು. ಅಕಿಗೆ ಸುದ್ದಿ ಮುಟ್ಟಿದ್ದಿಲ್ಲ. ಬುಟ್ಟಿ ಇಳಸಿದ್ಲು. ಒಳಗ ಬರೂಮುಂದ ಕಾರ್ಡು ಕಂಡ್ತು. ಅದ್ರಾಗ ದಪ್ಪ ಅಕ್ಷರ ಒಂದಽ ಇತ್ತು. ಅದರ ಮ್ಯಾಲೆ ಬೆರಳಿಟ್ಲು. ಮಾರಿ ಅರಳಿತು.

"ಬಂತ್ ನೋಡು! ಬಾಯಾರು ಹೇಳಿದ್ರು, ದಪ್ಪಂದು ನಿಂದಽ ಅಂತ. ಇದು ನಂದು ಹೌದಿಲ್ಲೋ?"

"ಅಲ್ಲಬೇ," ಅಂದೆ. "ಅದು ಬಾಯಾರದು. ಸತ್ತವರ ಕಾರ್ಡು."

ಬೆರಳು ತಗೀಲಿಲ್ಲ. ನಾ ಒಳಗ ಹೋಗಿ ಅಕಿ ಪುಟ ಒಂದ ಪ್ರಿಂಟ್ ತಗದು ತಂದು ಕೊಟ್ಟೆ. ಆ ಕೈ ಕಾರ್ಡಿನ ಮ್ಯಾಲೆ ಇಟ್ಟುಕೊಂಡೇ, ಇನ್ನೊಂದು ಕೈಲೆ ಹಾಳ್ಯಾಗ ತನ್ನ ಹೆಸರು ತಾ ಹುಡಕಿದ್ಲು. ಸಿಕ್ತು. ನನ್ನ ಕೇಳಲಿಲ್ಲ.

ಪುಸ್ತಕ ಪ್ರೆಸ್ಸಿಗೆ ಕೊಟ್ಟು ಬಂದೇನಿ. ಗುರ್ತಿದ್ದ ಫೈಲ್ ಹಂಗ ಇಟ್ಟೇನಿ. ಇನ್ನ ಹೇಳೂದು ನನ್ನ ಹತ್ರ ಏನೂ ಇಲ್ಲ.