ಟೆಂಪೋ ಮಾಡಿಕೊಂಡು ನೋಡಿದ ನೀರು

ಮೊನ್ನೆ ಮನೆಗೆ ಹೊಸದಾಗಿ ಬಂದ ಸೊಸೆ ಕೇಳಿದಳೆಂದು ಅಟ್ಟದಿಂದ ನೀಲಿ ಬಣ್ಣದ ದೊಡ್ಡ ನೀರಿನ ಕ್ಯಾನು ಇಳಿಸಿದೆ. ಅದರ ನಲ್ಲಿ ಮುರಿದು ಎಷ್ಟು ಕಾಲವಾಯಿತೋ. ಮುಚ್ಚಳ ತಿರುಗಿಸಿದ್ದೇ ತಡ, ಒಳಗಿನಿಂದ ಒಂದು ವಾಸನೆ ಎದ್ದು ಬಂತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಕೋಕಂ ಶರಬತ್ತು, ಡೀಸೆಲ್ಲು, ಇವೆಲ್ಲದರ ಹಿಂದೆ ವಾಂತಿ ತಡೆಯಲೆಂದು ಮೂಸಿ ಮೂಸಿ ಬಿಸಾಡಿದ ಲಿಂಬೆಹಣ್ಣು. ಕೆಲವರಿಗೆ ಮಲ್ಲಿಗೆಯ ಕಂಪಿಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಈ ವಾಸನೆಗೆ ನೆನಪಾದದ್ದು ಸೃಷ್ಟಿಸೌಂದರ್ಯ.

ಸೃಷ್ಟಿಸೌಂದರ್ಯ ನಮ್ಮ ಕಾಕಾನ ಶಬ್ದ. ಕಾಕಾ ಎಂದರೆ ಅಪ್ಪನ ತಮ್ಮ. ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ವಾರವಿಡೀ ಅಲ್ಲಿ ಯಾರೂ ತಮ್ಮ ಮಾತು ಕೇಳದ ಸಿಟ್ಟನ್ನು ಭಾನುವಾರ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು. ಎರಡು ಸಾವಿರದ ಎರಡೋ ಮೂರೋ ಇರಬೇಕು, ಮಗಳನ್ನು ಹುಬ್ಬಳ್ಳಿಗೆ ಕೊಟ್ಟರು. ಅಲ್ಲಿಂದ ಪ್ರತಿ ಮೇ ತಿಂಗಳು ಬೀಗರು ಬರತೊಡಗಿದರು. ಪಾಪ, ಅವರು ಬರುತ್ತಿದ್ದದ್ದು ಸಮುದ್ರ ನೋಡಲು. ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಯಿಂದ ಸಮುದ್ರವೇನು ದೂರವಲ್ಲ, ಹರಟೆ ಹೊಡೆಯುತ್ತ ನಡೆದರೆ ಒಂದು ಹರಟೆ ಮುಗಿಯುವುದರೊಳಗೆ ಮರಳು ಕಾಲಿಗೆ ಸಿಗುತ್ತದೆ. ಆದರೆ ನಾವು ಹುಟ್ಟಿದಲ್ಲಿಂದ ಅದನ್ನು ನಿಂತು ನೋಡಿದವರಲ್ಲ. ಅದು ಮೀನು ಬರುವ ದಾರಿ. ಮೀನು ಬಂತೋ ಇಲ್ಲವೋ ಎಂದು ನೋಡುತ್ತೇವೆ, ದಾರಿಯನ್ನು ಯಾರು ನೋಡುತ್ತಾರೆ?

“ಸಮುದ್ರ ಎಲ್ಲಿಗೆ ಓಡಿ ಹೋಗ್ತದೆ? ಸಂಜೆ ನೋಡುವಾ,” ಎಂದು ಕಾಕಾ ಬೀಗರನ್ನು ಬೆಳಗಿನ ಐದು ಗಂಟೆಗೇ ಬಾಡಿಗೆ ಟೆಂಪೋಕ್ಕೆ ಹತ್ತಿಸುತ್ತಿದ್ದರು. ಮೊದಲು ಗುಡ್ಡ, ಆಮೇಲೆ ಕಾಡು, ಆಮೇಲೆ ಕದ್ರಾ ಅಣೆಕಟ್ಟಿನ ಹಿನ್ನೀರು. ನಾವು ತಿರುಗಿ ಕಾರವಾರ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಹುಬ್ಬಳ್ಳಿಯವರು ಆರು ವರ್ಷ ಕಾರವಾರಕ್ಕೆ ಬಂದು ಸಮುದ್ರದ ಸದ್ದನ್ನು ಮಾತ್ರ ಕೇಳಿ ಹೋದರು.

ಕಾಕಾನ ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಪಾಯಿಂಟುಗಳ ಪಟ್ಟಿ. ಒಂದೊಂದು ಪಾಯಿಂಟಿಗೆ ಹದಿನೈದು ನಿಮಿಷ. ಟೆಂಪೋ ನಿಂತ ಕೂಡಲೇ ಎಲ್ಲರೂ ಇಳಿದು ದಿಕ್ಕಿಗೊಬ್ಬರಂತೆ ಮರದ ಮರೆ ಹುಡುಕಿ ಓಡುತ್ತಿದ್ದರು, ಅದಕ್ಕೆ ಹತ್ತು ನಿಮಿಷ. ಉಳಿದ ಐದರಲ್ಲಿ ಫೋಟೋ. ಆಗ ಸೀಟಿ. ನಾವೆಲ್ಲ ಹತ್ತಿದೆವೋ ಇಲ್ಲವೋ ಎಂದು ಎಣಿಸುತ್ತ ಕಾಕಾ ಕಣಿವೆಗೆ ಬೆನ್ನು ಹಾಕಿ ನಿಂತಿರುತ್ತಿದ್ದರು. ಅಷ್ಟು ವರ್ಷದ ಸೃಷ್ಟಿಸೌಂದರ್ಯದಲ್ಲಿ ಅವರು ನೋಡಿದ್ದು ನಮ್ಮ ತಲೆಗಳನ್ನು.

ಟೆಂಪೋದೊಳಗಿನ ಮಾತು ಕೇಳಿದ್ದರೆ ನೀವು ಇವರು ಮೀನುಪೇಟೆಗೇ ಹೊರಟಿದ್ದಾರೆ ಎಂದುಕೊಳ್ಳುತ್ತಿದ್ದಿರಿ. ಭಾನುವಾರ ಮೀನಿಲ್ಲದೆ ಕಳೆಯುವ ಸಂಕಟ ಸಣ್ಣದಲ್ಲ. ಕಾಡಿನ ದಾರಿಯಲ್ಲಿ ದೇವರ ಕಲ್ಲು ದಾಟಬೇಕು, ಮೀನು ಒಯ್ದರೆ ಗಾಡಿ ನಿಲ್ಲುತ್ತದೆ ಎಂದು ಕಾಕಾನ ಕಟ್ಟಪ್ಪಣೆ. ಒಂದು ವರ್ಷ ಏರಿನಲ್ಲಿ ಇಂಜಿನ್ನು ಕಾದು ಹೊಗೆಯೆದ್ದು ಟೆಂಪೋ ನಿಂತೇ ಬಿಟ್ಟಿತು. ಇಂಜಿನ್ನಿನ ಕಡೆಗೆ ಡ್ರೈವರ್ ಒಬ್ಬನೇ ನೋಡಿದ. ನಾವೆಲ್ಲ ನೋಡಿದ್ದು ನನ್ನ ಆಯಿಯ, ಎಂದರೆ ಅಮ್ಮನ, ಚೀಲದ ಕಡೆಗೆ. ಅದರಲ್ಲಿ ಪೌಡರಿನ ಡಬ್ಬಿಯೊಳಗೆ ಒಣ ಸಿಗಡಿಯ ಚಟ್ನಿ ಇತ್ತು, ದೃಷ್ಟಿಯಾಗದಿರಲೆಂದು ಮೇಲೊಂದು ಇದ್ದಿಲ ಚೂರೂ ಇತ್ತು. ಆಯಿ ಯಾರ ಮುಖವನ್ನೂ ನೋಡದೆ ಕಿಟಕಿಯಾಚೆ ಕಣ್ಣು ನೆಟ್ಟು ಕೂತಳು. ನಮ್ಮ ಮನೆತನದಲ್ಲಿ ಕಾಡನ್ನು ಅಷ್ಟು ಹೊತ್ತು ಎವೆಯಿಕ್ಕದೆ ನೋಡಿದವಳು ಅವಳೊಬ್ಬಳೇ.

ನಾನೋ? ಟೆಂಪೋ ಶುರುವಾದಾಗ ನಾನು ಬಿ.ಎ. ಕೊನೆಯ ವರ್ಷ. ಬಗಲಲ್ಲಿ ಒಂದು ಪುಸ್ತಕ ಇಟ್ಟುಕೊಂಡು, ನೆರಳಲ್ಲಿ ನಿಂತು, ಇವರೆಲ್ಲ ಎಂಥ ಜನ ಎಂದು ಮನಸ್ಸಿನಲ್ಲೇ ಅಣಕಿಸುವುದು ನನ್ನ ಪಾಯಿಂಟು. ಪುಸ್ತಕದ ಹಾಳೆ ತಿರುವಿದ ನೆನಪಿಲ್ಲ.

ಇನ್ನು ವೈನಿಯ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಆದಷ್ಟು ಮುಂದೆ ದೂಡಲಿಕ್ಕೇ.

ವೈನಿ ನನ್ನ ಅಣ್ಣನ ಹೆಂಡತಿ, ಹೆಸರು ಸುಮತಿ. ಅಣ್ಣ ಇಂಥ ಭಾನುವಾರಗಳಲ್ಲಿ ತನಗೆ ಡ್ಯೂಟಿ ಬೀಳುವಂತೆ ನೋಡಿಕೊಳ್ಳುತ್ತಿದ್ದ ಜಾಣ. ಹಾಗಾಗಿ ಅವಲಕ್ಕಿ, ಪೂರಿ, ಮೊಸರನ್ನ, ಬಾಳೆಲೆಯ ಕಟ್ಟು, ಈ ನೀಲಿ ಕ್ಯಾನು, ಬೀಗರ ಮೊಣಕಾಲು ನೋವಿನ ಎಣ್ಣೆ ಎಲ್ಲವೂ ವೈನಿಯ ಹೆಗಲಿಗೆ. ಅವಳು ಹುಟ್ಟಿ ಬೆಳೆದದ್ದು ಕದ್ರಾದಿಂದ ಮೇಲೆ, ಕಾಳಿ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಅವಳ ಮದುವೆಯಾಗಿ ಕೆಲವು ವರ್ಷಕ್ಕೆ ಅಣೆಕಟ್ಟಿನಲ್ಲಿ ನೀರು ನಿಂತಿತು, ಹಳ್ಳಿ ಅದರ ಬುಡಕ್ಕೆ ಹೋಯಿತು. ಅವಳ ಅಣ್ಣ ಸುಂಕಸಾಳದ ಕಡೆ ಜಾಗ ಮಾಡಿಕೊಂಡ.

ಪ್ರತಿ ವರ್ಷ ಟೆಂಪೋ ಬಾಡಿಗೆಗೆ ಹೇಳುವ ಮೊದಲು ವೈನಿ ಕಾಕಾನಿಗೆ ಚಹ ಕೊಡುವಾಗ ಒಂದೇ ಮಾತು ಕೇಳುತ್ತಿದ್ದಳು. ಈ ಸಲ ಹಿನ್ನೀರು ಬೇಡ, ಸುಂಕಸಾಳಕ್ಕೆ ಹೋಗುವಾ, ಅಣ್ಣನ ಮನೆಯಲ್ಲಿ ಎಲ್ಲರಿಗೂ ಊಟ ಮಾಡಿಸುತ್ತೇನೆ ಎಂದು. ಕಾಕಾ ಚಹ ಕುಡಿದು ಮೀಸೆ ಒರೆಸಿಕೊಂಡು, “ಸುಂಕಸಾಳದಲ್ಲಿ ನೋಡುಕೆ ಎಂತ ಅದೆ? ಅದಿರಿನ ಲಾರಿ?” ಎನ್ನುತ್ತಿದ್ದರು. ಆ ಕಾಲಕ್ಕೆ ಆ ಊರಿನ ಮೇಲೆ ಹಾಯುವ ಅಂಕೋಲೆಯ ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಸಾಲುಗಟ್ಟುತ್ತಿದ್ದದ್ದು ನಿಜ. ನಾವು ನಗುತ್ತಿದ್ದೆವು. ಆಮೇಲೆ ಕಾಕಾ ಬೀಗರಿಗೆ ಹೇಳುವುದು: “ನಾಳೆ ನಮ್ಮ ಸುಮತಿಯ ತವರಿಗೆ ಹೋಗುದು.” ಅವರ ಲೆಕ್ಕದಲ್ಲಿ ಅದು ಸೊಸೆಗೆ ಮಾಡುವ ಉಪಕಾರ. ಹೆಣ್ಣುಮಗಳನ್ನು ವರ್ಷಕ್ಕೊಮ್ಮೆ ತವರಿಗೆ ಕರೆದುಕೊಂಡು ಹೋಗಬೇಕಲ್ಲ!

ಅಲ್ಲಿ ದಿಬ್ಬದ ಮೇಲೆ ಒಂದು ದೊಡ್ಡ ಮರದ ಕೆಳಗೆ ನಮ್ಮ ಊಟ. ಕೆಳಗೆ ನೀರು, ಸುತ್ತ ಗುಡ್ಡ. ಕಾಕಾ ಎದ್ದು ನಿಂತು, ಈ ನೀರಿನ ಬುಡದಲ್ಲಿ ನಮ್ಮ ಸೊಸೆಯ ಮನೆ ಇದೆ ಎಂದು ಜಾದೂಗಾರ ಟೊಪ್ಪಿಯಿಂದ ಮೊಲ ತೆಗೆದಂತೆ ಹೇಳುತ್ತಿದ್ದರು. ಬೀಗರು ಲೊಚಗುಟ್ಟುತ್ತಿದ್ದರು. ಬಾಯಲ್ಲಿದ್ದ ಪೂರಿ ಇಳಿಯುವವರೆಗೆ ಆ ದುಃಖ. ಮುಂದಿನ ತುತ್ತಿಗೆ, “ಎಲ್ಲಿತ್ರೀ ಮನಿ? ಮೊಸಳಿ ಅದಾವೇನ್ರೀ ಇದರಾಗ?” ವೈನಿ ಬಡಿಸುವ ಸೌಟು ಎಡಗೈಗೆ ದಾಟಿಸಿ ಬಲಗೈಯ ಬೆರಳು ಚಾಚುತ್ತಿದ್ದಳು. ಅವಳ ಬೆರಳು ಎತ್ತ ಹೋಯಿತೋ ಅತ್ತ ಎಲ್ಲರೂ ತಿರುಗಿ ಕೂತು ಉಣ್ಣುವುದು. ಉಂಡಾದ ಮೇಲೆ ಎಂಜಲೆಲೆ ಮಡಚಿ ಅದೇ ಬದಿಯ ನೀರಿಗೆ ಎಸೆಯುವುದು. “ಸುಮತಿಯ ತವರಿನ ಮೀನಿಗೂ ಊಟ ಆಗ್ಲಿ,” ಎನ್ನುವುದು ಕಾಕಾನ ವಾರ್ಷಿಕ ವಿನೋದ.

ಮೊದಲ ವರ್ಷ ಅವಳು ಬೋಳುಗುಡ್ಡದ ಬುಡ ತೋರಿಸಿದ್ದಳು. ಎರಡನೆಯ ವರ್ಷ ಆಚೆ ದಡ. ಮೂರನೆಯ ವರ್ಷ ಇನ್ನೂ ಎತ್ತಲೋ. ಇಷ್ಟು ಜನರಲ್ಲಿ ಇದನ್ನು ಗಮನಿಸಿದ ಬುದ್ಧಿವಂತ ನಾನೊಬ್ಬನೇ. ಗಮನಿಸಿ ಸುಮ್ಮನಿರುವ ಬುದ್ಧಿ ಇರಲಿಲ್ಲ.

“ವೈನಿ, ಹೋದ ವರ್ಷ ನಿನ್ನ ಮನೆ ಆಚೆ ದಡದಲ್ಲಿತ್ತು. ಈಜಿ ಈಚೆ ಬಂತಾ?”

ಎಲ್ಲರೂ ನಕ್ಕರು. ವೈನಿಯೂ ನಕ್ಕಳು. “ಹೌದು ಮಾರಾಯಾ, ಒಂದೇ ಬದಿಗೆ ಕೂತು ಅದಕ್ಕೂ ಬೇಜಾರು ಬಂದಿತ್ತು.”

ತನ್ನ ಮನೆ ಎಲ್ಲಿತ್ತೆಂದು ತನಗೇ ಮರೆತಿದೆ, ಒಪ್ಪಿಕೊಳ್ಳಲು ನಾಚಿಕೆ ಎಂದು ನಾನು ತೀರ್ಮಾನಿಸಿದೆ. ಬಹಳ ದಿನ ಆ ನನ್ನ ಮಾತನ್ನು ಗೆಳೆಯರಿಗೆ ಹೇಳಿಕೊಂಡು ತಿರುಗಿದೆ.

ಐದನೆಯ ವರ್ಷದ ಮೇ ತಿಂಗಳಲ್ಲಿ ನೀರು ಬಹಳ ಕೆಳಗಿಳಿದಿತ್ತು. ದಿಬ್ಬದ ಬುಡದಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಸತ್ತ ಮರದ ಬೊಡ್ಡೆಗಳು ಎದ್ದು ಕಾಣುತ್ತಿದ್ದವು. ಕಾಕಾನಿಗೆ ಬೀಗರ ಮುಂದೆ ಅವಮಾನ. ಸೃಷ್ಟಿಸೌಂದರ್ಯ ಈ ಸಲ ಸ್ವಲ್ಪ ಕಡಿಮೆ ಇದೆ ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಊಟ ನಡೆದಿತ್ತು. ಮಜ್ಜಿಗೆ ಬಡಿಸುತ್ತಿದ್ದ ವೈನಿ ನಡುವೆಯೇ ಪಾತ್ರೆ ಕೆಳಗಿಟ್ಟಳು. ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಯಾರಿಗೂ ಹೇಳದೆ ಇಳಿಜಾರಿನಲ್ಲಿ ಇಳಿದು ಹೋದಳು. ಆಯಿ ನನಗೆ ಕಣ್ಸನ್ನೆ ಮಾಡಿದಳು. ನಾನು ಹಿಂದೆ ಹೋದೆ.

ಕೆಳಗೆ, ನಾವು ವರ್ಷವರ್ಷವೂ ಉಣ್ಣಲು ಕೂರುತ್ತಿದ್ದ ಮರದ ನೇರ ಬುಡದಲ್ಲೇ, ಕೆಸರಿನಿಂದ ಮೊಣಕಾಲೆತ್ತರ ಎದ್ದ ಕಲ್ಲಿನ ಚೌಕ. ತುಳಸಿಕಟ್ಟೆ. ಗಿಡವಿಲ್ಲ, ಮೇಲಿನ ಸಾಲು ಕುಸಿದಿತ್ತು, ಆದರೆ ದೀಪ ಇಡುವ ಗೂಡು ಹಾಗೇ ಇತ್ತು. ವೈನಿ ಕುಕ್ಕರುಗಾಲಿನಲ್ಲಿ ಕೂತು ಒಂದು ಕಡ್ಡಿಯಿಂದ ಆ ಗೂಡಿನ ಕೆಸರು ಕೆರೆಯುತ್ತಿದ್ದಳು. ಅವಳ ಬೆರಳು ಒಂದು ವರ್ಷವೂ ಇತ್ತ ಚಾಚಿರಲಿಲ್ಲ.

ಮನುಷ್ಯನಾದವನು ಆಗ ಸದ್ದಿಲ್ಲದೆ ಮೇಲೆ ಹೋಗಿ, ಕಾಲು ಜಾರಿ ಅವಳ ಬಳೆ ಬಿತ್ತು, ಹುಡುಕುತ್ತಿದ್ದಾಳೆ ಎಂದೋ ಏನೋ ಹೇಳುತ್ತಿದ್ದ. ನಾನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ.

“ಕಾಕಾ, ವೈನಿ ಮನೆ ಸಿಕ್ತು. ಎಲ್ಲಾ ಕೆಳಗೆ ಬನ್ನಿ.”

ಕಡ್ಡಿ ನಿಂತಿತು. ವೈನಿ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕನ್ನು ನೋಡುತ್ತೇವಲ್ಲ, ಇದರ ಜಾತಿಯೇ ಇಷ್ಟು ಎಂದು, ಹಾಗೆ.

ಬಂದರು. ಊಟ ಮುಗಿಯದವರು ಎಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದರು. ಮೊಣಕಾಲು ನೋವಿನ ಬೀಗಿತ್ತಿ ಉಸ್ಸೆಂದು ಕಟ್ಟೆಯ ಮೇಲೇ ಕೂತರು, ಎಲೆಯನ್ನು ಪಕ್ಕದಲ್ಲಿಟ್ಟರು. ಅವರ ತಪ್ಪಲ್ಲ, ಕೆಸರು ಮೆತ್ತಿದ ಕಲ್ಲು ಅವರಿಗೆ ಬರೀ ಕಲ್ಲು. ಮಜ್ಜಿಗೆ ಕಲ್ಲಿನ ಮೇಲೆ ಹರಿದು ಗೂಡಿನೊಳಗೆ ಇಳಿಯಿತು. ಕಾಕಾ ಅಂತೂ ಹಿಗ್ಗಿ ಹೋದರು. ನೀರಿನ ಬುಡದ ಮನೆಯನ್ನು ಬೀಗರಿಗೆ ಕೈ ಮುಟ್ಟಿಸಿ ತೋರಿಸಿದ್ದೇನು ಕಡಿಮೆಯೇ? “ಸುಮತಿ, ನೀ ನಡುವೆ ನಿಲ್ಲು. ತವರು ನಿಂದು,” ಎಂದು ಅವಳನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಸಿದರು. ನಾನೂ ಇದ್ದೇನೆ ಅದರಲ್ಲಿ, ಹಲ್ಲು ಕಿಸಿದುಕೊಂಡು.

ಮೇಲೆ ಹತ್ತುವಾಗ ವೈನಿ ನನ್ನ ಪಕ್ಕ ಬಂದಳು. ದನಿ ಏರಿಸಲಿಲ್ಲ. ನಾಳೆಯ ಪಲ್ಯದ ವಿಷಯ ಮಾತಾಡುವಂತೆ ಮಾತಾಡಿದಳು.

“ನಾ ಬೇರೆ ಬದಿ ತೋರಿಸ್ತಿದ್ದದ್ದು ಮರೆತು ಅಲ್ಲ. ನಾ ಎತ್ತ ತೋರಿಸಿದ್ರೆ, ನಿಮ್ಮ ಎಂಜಲೆಲೆ ಅತ್ತ ಬೀಳ್ತಿತ್ತು. ನಮ್ಮ ಅವ್ವಿ ದಿನಾ ದೀಪ ಇಡುವ ಕಟ್ಟೆ ಅದು. ಇಷ್ಟು ವರ್ಷ ಒಂದು ಎಲೆ ಬೀಳುಕೆ ಬಿಟ್ಟಿರಲಿಲ್ಲ ನಾ.”

ಅಷ್ಟೇ. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಅಂದೇ ಮರೆತುಹೋಗುತ್ತಿತ್ತು. ಟೆಂಪೋದಲ್ಲಿ ಎಲ್ಲರ ತಲೆ ಎಣಿಸಿ ಕಾಕಾ ಸೀಟಿ ಊದಿದರು. ಕಾಕಾನನ್ನು ನಾನು ಅಷ್ಟು ವರ್ಷ ಅಣಕಿಸಿದ್ದೆ. ಅವರು ಊದಿದರೆ ಗಾಡಿ ಹೊರಡುತ್ತಿತ್ತು. ನಾನು ಊದಿದ್ದಕ್ಕೆ ಆದದ್ದು ಇದು.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ಅಕ್ಕಿಯ ಕಲ್ಲು ಆರಿಸುತ್ತ ಕೂತಿದ್ದವಳಿಗೆ ಹಿನ್ನೀರು ಏರಿದೆಯಂತೆ ಎಂದು ಹೇಳಿದೆ. ತಪ್ಪಾಯಿತು ಎನ್ನಲು ಬಾರದವನು ನೀರಿನ ಮಟ್ಟ ಹೇಳಿದೆ.

ವೈನಿ ಮೊರದಿಂದ ಕಣ್ಣು ತೆಗೆಯಲಿಲ್ಲ. “ಚಲೋ ಆಯ್ತು. ತೊಳೀತದೆ,” ಅಂದಳು. ಆ ನೀರಿನ ಬಗ್ಗೆ ಅವಳ ಬಾಯಿಂದ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ಮರುವರ್ಷ ಅವಳು ಕಾಕಾನಿಗೆ ಚಹದ ಜೊತೆ ಏನನ್ನೂ ಕೇಳಲಿಲ್ಲ. ಡಬ್ಬಿ ಕಟ್ಟಿಕೊಡುತ್ತೇನೆ, ನಾನು ಬರುವುದಿಲ್ಲ ಎಂದಳು. ಕಾಕಾ ಅವಳ ಮುಖ ನೋಡಿ, ಮೀಸೆ ಒರೆಸಿಕೊಂಡು ಟೆಂಪೋ ಹೇಳಲು ಎದ್ದರು. ನಾನೂ ಹೋಗಲಿಲ್ಲ. ವೈನಿಯ ಪರವಾಗಿ ನಿಂತೆ ಎಂದುಕೊಂಡೀರಿ, ನನಗೆ ಜ್ವರ ಎಂದು ಸುಳ್ಳು ಹೇಳಿ ಚಾದರ ಹೊದ್ದು ಮಲಗಿದ್ದೆ, ನನ್ನ ಶೌರ್ಯ ಅಷ್ಟೇ. ಬಡಿಸುವವರಿಲ್ಲದ ಆ ಪ್ರವಾಸದಲ್ಲಿ ಸೃಷ್ಟಿಸೌಂದರ್ಯ ಯಾರಿಗೂ ಹಿಡಿಸಲಿಲ್ಲವಂತೆ. ಅದರ ಮುಂದಿನ ವರ್ಷ ಬೀಗರು ಸ್ವಂತ ಕಾರು ಕೊಂಡರು, ನೇರ ಸಮುದ್ರದ ದಂಡೆಗೆ ಹೋಗಿ ನಿಂತರು. ಟೆಂಪೋದ ಯುಗ ಅಲ್ಲಿಗೆ ಮುಗಿಯಿತು.

ಈಗ ಈ ಮನೆಯಲ್ಲಿ ಕಾಕಾ ಎಂದರೆ ನಾನು. ವೈನಿಯ ಮಗನಿಗೆ ಧಾರವಾಡದ ಹುಡುಗಿಯನ್ನು ತಂದಿದ್ದೇವೆ, ಕ್ಯಾನು ಇಳಿಸಲು ಹೇಳಿದ್ದು ಅವಳೇ. ಬರುವ ವಾರ ಅವಳ ಅಪ್ಪ ಅಮ್ಮ ಬರುತ್ತಾರೆ, ಎಲ್ಲೆಲ್ಲಿ ಕರೆದುಕೊಂಡು ಹೋಗಬೇಕೆಂದು ಮೊಬೈಲಿನಲ್ಲಿ ಪಟ್ಟಿ ಮಾಡುತ್ತಿದ್ದಳು. ಅತ್ತೆಯ ತವರು ಸುಂಕಸಾಳ ಎಂದಷ್ಟೇ ಅವಳಿಗೆ ಗೊತ್ತು. ವೈನಿ ಹಿತ್ತಿಲ ಬಾಗಿಲಲ್ಲಿ ಕೂತು ಬಂಗಡೆ ಮೀನು ಹೆಚ್ಚುತ್ತಿದ್ದಳು.

“ಕಾಕಾ, ಕದ್ರಾದ ಹಿನ್ನೀರು ಭಾಳ ಛಲೋ ಕಾಣತೈತಂತಲ್ರಿ, ಫೋಟೋ ನೋಡಿದೆ. ಮೊದಲ ಅಲ್ಲಿಗೇ ಹೋಗೂಣೇನ್ರಿ?”

ಈಳಿಗೆಯ ಸದ್ದು ನಿಂತಿತು.

ನಾನು ಶುರು ಮಾಡಿದೆ. ದಾರಿ ತಿರುವು ತಿರುವು, ಹೊಟ್ಟೆ ತೊಳಸುತ್ತದೆ. ನೆರಳಿಲ್ಲ. ಇದ್ದ ನೆರಳಿಗೆ ಮಂಗಗಳ ಕಾಟ. ಫೋಟೋದಲ್ಲಿ ಹಾಗೆ ಕಾಣುತ್ತದೆ, ಹೋದವರೆಲ್ಲ ಬಯ್ದುಕೊಂಡು ಬರುತ್ತಾರೆ. ಬದುಕಿನಲ್ಲಿ ಎಷ್ಟೋ ಊರನ್ನು, ಎಷ್ಟೋ ಜನರನ್ನು ಸುಮ್ಮಸುಮ್ಮನೆ ಹಳಿದವನು ನಾನು. ಇಷ್ಟು ಮನಸ್ಸಿಟ್ಟು ಯಾವ ಜಾಗವನ್ನೂ ಹಳಿದಿರಲಿಲ್ಲ.

“ಅಲ್ಲಿ ನೋಡುಕೆ ಎಂತದೂ ಇಲ್ಲ ಮಗಾ,” ಎಂದು ಮುಗಿಸಿದೆ. “ಬರೀ ನೀರು.”

“ಅದೂ ಸಪ್ಪೆ ನೀರು,” ಎಂದಳು ವೈನಿ, ತಲೆ ಎತ್ತದೆ.

ಹುಡುಗಿ ನಕ್ಕು, ಕದ್ರಾವನ್ನು ಪಟ್ಟಿಯಿಂದ ಅಳಿಸಿದಳು. ಈಳಿಗೆಯ ಸದ್ದು ಮತ್ತೆ ಶುರುವಾಯಿತು.