ಎಡಗಡೆಯ ಸೀಟಿನ ಮಾಸ್ತರರು

ನನಗೆ ಮೋಟಾರು ಕಲಿಸುವ ಮಾಸ್ತರರನ್ನು ಆರಿಸಿದವರು ನನ್ನ ಅತ್ತೆ. ಅವರು ಜನ್ಮದಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತವರಲ್ಲ. ಆದರೆ ಸೊಸೆಯ ಪಕ್ಕದಲ್ಲಿ ಪರಗಂಡಸೊಬ್ಬ ದಿನಕ್ಕೊಂದು ತಾಸು ಕೂರುತ್ತಾನೆಂದ ಮೇಲೆ ಆ ಗಂಡಸನ್ನು ನೋಡದೆ ಒಪ್ಪುವವರೂ ಅಲ್ಲ.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಬಂದ ನಾವು ಸಯನ್‌ನಲ್ಲಿ ಮನೆ ಮಾಡಿದ್ದೆವು. ನನ್ನ ಗಂಡ ಬಟ್ಟೆಯ ವ್ಯಾಪಾರಿ. ಹಳೆಯ ಕಾರೊಂದನ್ನು ಕೊಂಡ ತಿಂಗಳಲ್ಲೇ, ಓಡುವ ಲೋಕಲ್ ರೈಲಿನಿಂದ ಇಳಿಯಲು ಹೋಗಿ ಎಡ ಮೊಣಕಾಲು ಮುರಿದುಕೊಂಡರು. ಕ್ಲಚ್ ಒತ್ತುವ ಕೆಲಸ ಇನ್ನು ಈ ಕಾಲಿನಿಂದಾಗದು ಎಂದರು ಡಾಕ್ಟರು. ಹೆಂಡತಿಗೇ ಕಲಿಸಿದರಾಯಿತು ಎಂದು ಗಂಡ ಹೇಳಿದ ದಿನ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರ ಮೊಣಕಾಲಿಗಾಗಿ ಮರುಗಿದವಳಂತೆ ನಟಿಸುವುದೂ ನನಗೆ ನೆನಪಾಗಲಿಲ್ಲ.

ಮೋಟಾರ್ ಸ್ಕೂಲಿನಲ್ಲಿ ಮೂವರು ಮಾಸ್ತರರಿದ್ದರು. ಅತ್ತೆ ಮೂವರನ್ನೂ ಸಾಲಾಗಿ ನಿಲ್ಲಿಸಿ ವರನನ್ನು ನೋಡುವಂತೆ ನೋಡಿದರು. ಮೊದಲನೆಯವನು ಗುಂಗುರು ಕೂದಲಿಗೆ ಘಮಘಮ ಎಣ್ಣೆ ಹಚ್ಚಿದ್ದ, ಬೇಡ. ಎರಡನೆಯವನು ಸೀಟಿ ಹೊಡೆಯುತ್ತಿದ್ದ, ಬೇಡವೇ ಬೇಡ. ಮೂರನೆಯವರು ಬೆಳಗಾವಿ ಕಡೆಯವರು. ಎಪ್ಪತ್ತರ ಹತ್ತಿರದ ವಯಸ್ಸು, ಬೆಳ್ಳಗಾದ ತಲೆ, ಬಾಯಲ್ಲಿ ನಾಲ್ಕೇ ಹಲ್ಲು.

"ಇವರು ಆಗ್ಬಹುದು," ಎಂದರು ಅತ್ತೆ. "ನಮ್ಮ ಕಡೆಯವರೂ ಹೌದು. ನಿನ್ನ ಕಡೆ ಒಮ್ಮೆನೂ ಕಣ್ಣೆತ್ತಿ ನೋಡ್ಲಿಲ್ಲ ನೋಡು. ಎಂಥಾ ಸಂಭಾವಿತ ಮನುಷ್ಯಾ!"

ಗಾಡಿ ಹತ್ತಿದ ಮೇಲೆ ಆ ಸಂಭಾವಿತರು ಬೇರೆಯೇ ಆದರು. ಎಡಗಡೆಯ ಸೀಟಿನಲ್ಲಿ ಅವರು. ಅವರ ಕಾಲಿನ ಕೆಳಗೂ ಒಂದು ಬ್ರೇಕು, ಕೈಯಲ್ಲಿ ಮರದ ಫೂಟುಪಟ್ಟಿ. ಗಿಯರ್ ಕಿರ್ರೆಂದರೆ ನನ್ನ ಕೈಗೆ ಏಟು.

"ರೊಟ್ಟಿ ಬಡಿಯೂದು ಅಂತ ತಿಳಕೊಂಡಿ ಏನವಾ? ಎಮ್ಮಿಗೆ ಕಲಿಸಿದ್ರ ಇಷ್ಟೊತ್ತಿಗೆ ದಾದರ್ ಮುಟ್ಟತಿತ್ತು!"

ಅವರದೊಂದು ಪದ್ಧತಿಯಿತ್ತು. ರಸ್ತೆಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಗಾಡಿ ಓಡಿಸಬೇಕು. ಮುಂದ ಡಬಲ್ ಡೆಕರ್, ನಿಂತದ. ಎಡಕ್ಕ ಕೈಗಾಡಿ. ಬಲಕ್ಕ ಕುದುರಿಗಾಡಿ ಬರ್ಲಿಕತ್ತದ. ಸುಮ್ಮನಾದರೆ ಏಟು. "ಕಣ್ಣು ಕಂಡದ್ದು ನಾಲಿಗಿಗೆ ಬರಬೇಕು, ಅಂದ್ರ ಮನಸ್ಸು ಅತ್ತಿತ್ತ ಓಡೂದಿಲ್ಲ," ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಪದ್ಧತಿಯಿಂದ ನಾನು ಬೇಗ ಕಲಿತೆ.

ಮೂರನೆಯ ವಾರದ ಒಂದು ಬೆಳಿಗ್ಗೆ ಆಂಟಾಪ್ ಹಿಲ್ ಕಡೆಯ ಖಾಲಿ ರಸ್ತೆಯಲ್ಲಿದ್ದೆವು. ಆಗಲೇ ಎರಡು ಏಟು ಬಿದ್ದು ಕೈ ಬಾತಿತ್ತು. ಸಿಟ್ಟು ನೆತ್ತಿಗೇರಿ ಸುಮ್ಮಸುಮ್ಮನೆ ಕೂಗಿದೆ: "ಎಮ್ಮಿ! ಅಡ್ಡ ಬಂತು!"

ಮಾಸ್ತರರು ಬ್ರೇಕನ್ನು ಒದ್ದರು. ಗಾಡಿ ಜಗ್ಗಿ ನಿಂತಿತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಂವಲೇ ಅಂವ, ಎಮ್ಮಿ ಬಿಟ್ಟಾಂವ!" ಎಂದು ಖಾಲಿ ರಸ್ತೆಯನ್ನು ಬೈದರು.

ಅವರು ತಲೆ ಒಳಗೆಳೆದುಕೊಂಡಾಗ ಅವರ ಮುಖದ ಮುಂದೆ ಮೆಲ್ಲಗೆ ಕೈಯಾಡಿಸಿದೆ. ರೆಪ್ಪೆ ಮಿಟುಕಲಿಲ್ಲ. ಅತ್ತೆ ಮೆಚ್ಚಿದ ಮರ್ಯಾದೆಯ ಗುಟ್ಟು ಇಷ್ಟೇ ಆಗಿತ್ತು.

"ಎಮ್ಮಿ ಇಲ್ರಿ ಅಜ್ಜಾರ," ಎಂದೆ.

ಅವರು ಫೂಟುಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. "ಎರಡು ವರ್ಷ ಆತು, ಕಣ್ಣಿಗೆ ಪೊರಿ ಬಂದೈತಿ," ಎಂದರು. "ಮಂದಿ ನೆಳ್ಳಿನಂಗ ಕಾಣ್ತಾರ. ಯಾರಿಗೂ ಹೇಳಬ್ಯಾಡವಾ. ಕೆಲಸಕ್ಕ ಹೋಗ್ತೀನಂತ ಮನ್ಯಾಗ ಸೊಸಿ ಒಂದು ತಾಟು ಹಾಕ್ತಾಳ. ಇದೂ ಹೋದ್ರ ನನ್ನ ಯಾರು ಕೇಳ್ತಾರ?"

"ಹೇಳೂದಿಲ್ರಿ. ಆ ಪಟ್ಟಿ ಇತ್ತ ಕೊಡ್ರಿ."

ಕೊಟ್ಟರು. ನಾನು ಅದನ್ನು ಕಿಟಕಿಯಿಂದಾಚೆ ಎಸೆದೆ.

ಆಮೇಲಿನ ದಿನಗಳು ನನ್ನವು. ಮನಸ್ಸಿಗೆ ಬಂದಾಗಲೆಲ್ಲ ಇಲ್ಲದ ಬಸ್ಸು, ಇಲ್ಲದ ಮದುವೆ ಮೆರವಣಿಗೆ, ಒಮ್ಮೆ ಇಲ್ಲದ ಆನೆಯನ್ನೂ ಕೂಗುತ್ತಿದ್ದೆ. ಸುಳ್ಳಿರಬಹುದೆಂದು ಗೊತ್ತಿದ್ದರೂ ಅವರು ಪ್ರತಿ ಸಲ ಬ್ರೇಕು ಒತ್ತುತ್ತಿದ್ದರು. ಒತ್ತದೆ ಇದ್ದು ನಿಜವಾಗಿಬಿಟ್ಟರೆ? ಒತ್ತಿದ ಮೇಲೆ ನಾಲ್ಕು ಹಲ್ಲು ತೋರಿಸಿ ನಗುತ್ತಿದ್ದರು. ಆ ನಗುವಿನಲ್ಲಿ ಬೇಡಿಕೆಯಿತ್ತು. ಅದು ನನಗೆ ತಿಳಿಯುತ್ತಿತ್ತು, ಹಿತವಾಗಿಯೂ ಇತ್ತು.

ಲೈಸೆನ್ಸ್ ಪರೀಕ್ಷೆಯ ಹಿಂದಿನ ದಿನ ಗಂಡ ಕೋಲೂರಿಕೊಂಡು ಸ್ಕೂಲಿಗೆ ಬಂದರು. ಮಾಲೀಕನೂ ಅಲ್ಲೇ ಇದ್ದ. ನಾನು ಒಂದು ಸುತ್ತು ಹೊಡೆದು ಬಂದು ಠೀವಿಯಿಂದ ಇಳಿದೆ.

"ಹೆಂಗ ಓಡಸ್ತಾಳ್ರಿ?" ಎಂದು ಗಂಡ ಮಾಸ್ತರರನ್ನು ಕೇಳಿದರು.

"ಕೈ ಛಲೋ ಐತ್ರಿ, ಸಾಹೇಬ್ರ. ಸೊಕ್ಕು ಒಂದೀಟು ಹೆಚ್ಚು. ಅದನ್ನಷ್ಟು ಮನ್ಯಾಗ ಬಿಟ್ಟು ಬಂದ್ರ ಸಾಕು."

ಗಂಡ ಗಹಗಹಿಸಿ ನಕ್ಕು, "ಮನ್ಯಾಗೂ ನಾವ ಅನುಭವಿಸಬೇಕಲ್ರಿ!" ಎಂದರು. ಭಾಷೆ ತಿಳಿಯದ ಮಾಲೀಕನೂ ನಕ್ಕ. ನನ್ನ ಮೈಯೆಲ್ಲ ಉರಿಯಿತು.

"ಅಜ್ಜಾರ," ಎಂದೆ, "ಎದುರಿಗೆ ನಿಂತದಲ್ಲಾ ಗಾಡಿ, ಅದರ ನಂಬರ್ ಓದ್ರಿ ನೋಡೋಣು."

ಅವರ ಮುಖ ನನ್ನ ದನಿಯ ಕಡೆಗೆ ತಿರುಗಿತು. "ತಂಗೀ," ಎಂದರು, ಅಷ್ಟೆ. ನಾನು ಅದನ್ನೇ ಮಾಲೀಕನಿಗೆ ಹಿಂದಿಯಲ್ಲಿ ಹೇಳಿದೆ. ಅವನು ಎದುರಿಗೊಮ್ಮೆ, ಮಾಸ್ತರರ ಕಡೆಗೊಮ್ಮೆ ನೋಡಿ, "ಪಢೋ ನಾ, ಚಾಚಾ," ಎಂದ. ಮಾಸ್ತರರು ಕುತ್ತಿಗೆ ಮುಂದೆ ಚಾಚಿ, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಂಕಿಯಾಗಿ ನಂಬರು ಓದಿದರು.

ಅಲ್ಲಿ ಗಾಡಿಯೇ ಇರಲಿಲ್ಲ. ಗೋಡೆಯಿತ್ತು.

ಮಾಲೀಕ ಏನೂ ಬೈಯಲಿಲ್ಲ. ಅವರ ಕೈಯಲ್ಲಿದ್ದ ಕೀಲಿಯನ್ನು ತೆಗೆದುಕೊಂಡು, ನಾಳೆಯಿಂದ ಬರಬೇಡಿ ಎಂದ. ಜನರ ಜೀವದ ಕಾಳಜಿಯಿಂದ ಹಾಗೆ ಮಾಡಿದೆ ಎಂದು ನಾನು ಈಗ ಬರೆಯಬಹುದು, ಓದಿದವರು ನಂಬಲೂಬಹುದು. ಆದರೆ ಆ ಕಾಳಜಿ ಅಷ್ಟು ದಿನ ಎಲ್ಲಿ ಸತ್ತಿತ್ತು?

ಮರುದಿನ ನಮ್ಮದೇ ಕಾರಿನಲ್ಲಿ ಪರೀಕ್ಷೆ. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತೊಡನೆ ಮೊದಲನೆಯ ಗಿಯರೇ ತಪ್ಪಿತು. ನಾಲಿಗೆ ಮಾತ್ರ ತಾನಾಗಿ ಕೆಲಸ ಶುರುಮಾಡಿತು: ಮುಂದ ಬಸ್, ಎಡಕ್ಕ ಸೈಕಲ್. ಗಿಯರ್ ಸರಿಯಾಗಿ ಬಿತ್ತು. ಏನು ಹೇಳುತ್ತಿದ್ದೀರಿ ಎಂದು ಅವರು ಕೇಳಿ ತಿಳಿದುಕೊಂಡು, ಒಳ್ಳೆಯ ಅಭ್ಯಾಸ, ಯಾರು ಕಲಿಸಿದರು ಎಂದರು.

"ನನ್ನ ಗಂಡ," ಎಂದೆ.

ಪಾಸಾಯಿತು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೈಸೆನ್ಸ್ ಕಚೇರಿಯ ಗೇಟಿನಿಂದ ಗಾಡಿ ಹೊರತಂದೆ. ಕಿಟಕಿಗಳು ತೆರೆದಿದ್ದವು. ನಾಲಿಗೆ ಇನ್ನೂ ನಿಂತಿರಲಿಲ್ಲ.

"ಮುಂದ ಕೈಗಾಡಿ. ಎಡಕ್ಕ ಒಬ್ಬ ಮುದುಕ ನಿಂತಾನ."

ಹೇಳಿದ ಮೇಲೆ ಯಾರೆಂದು ಗುರುತಾಯಿತು. ಗೇಟಿನ ಕಂಬ ಹಿಡಿದು, ಹೊರಬರುವ ಗಾಡಿಗಳತ್ತ ಕಿವಿಗೊಟ್ಟು ನಿಂತಿದ್ದರು ಮಾಸ್ತರರು. ಆ ಕಣ್ಣಿನಲ್ಲಿ ಬಸ್ಸು ಹಿಡಿದು ಅಷ್ಟು ದೂರ ಹೇಗೆ ಬಂದರೋ. ನನ್ನ ದನಿ ಕೇಳಿದೊಡನೆ ನಾಲ್ಕು ಹಲ್ಲೂ ಕಾಣುವಂತೆ ನಕ್ಕು ಕೈಯೆತ್ತಿದರು.

"ಪಾಸಾದ್ಯೇನವಾ?"

"ಏ, ನಿಮ್ಮ ಮಾಸ್ತರರು! ನಿಲ್ಲಸು," ಎಂದರು ಗಂಡ.

"ಇಲ್ಲಿ ನಿಲ್ಲಸೂ ಹಂಗಿಲ್ಲ," ಎಂದು ನಾನು ಗಿಯರ್ ಬದಲಿಸಿದೆ. ಅವರು ಕಲಿಸಿದ ಹಾಗೆಯೇ, ಒಂದಿಷ್ಟೂ ಸದ್ದಾಗಲಿಲ್ಲ.